ಗಟ್ಟಿಯಾಗಿ ಅಂಟುವ ಅಣುವೆಲ್ಲ ಔಷಧವಾಗುವುದೇ? ಬೊಜ್ಜಿಗೆ ಹೊಸ ಸಂಯುಕ್ತ ರೂಪಿಸುವ ಬಗ್ಗೆ

ಪ್ರಶ್ನೆ: ನಾನು ಔಷಧ ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಬೊಜ್ಜಿನ ಚಿಕಿತ್ಸೆಗೆ ಹೊಸ ಸಂಯುಕ್ತವೊಂದನ್ನು ವಿನ್ಯಾಸಗೊಳಿಸುವುದು ನನ್ನ ಪ್ರಬಂಧದ ವಿಷಯ. ಜಿಎಲ್‌ಪಿ-1 ರಿಸೆಪ್ಟರಿನ (ಜಿಎಲ್‌ಪಿ-1 ಹಾರ್ಮೋನನ್ನು ಗ್ರಹಿಸುವ ಜೀವಕೋಶದ ಪ್ರೋಟೀನಿನ) ಪ್ರಕಟಿತ ರಚನೆಯೊಂದನ್ನು ತೆಗೆದುಕೊಂಡು ಕೆಲವು ಸಾವಿರ ಸಣ್ಣ ಅಣುಗಳನ್ನು ಕಂಪ್ಯೂಟರಿನಲ್ಲಿ ಡಾಕಿಂಗ್ ಮಾಡಿ, ಅಂದರೆ ಅವು ಅದರಲ್ಲಿ ಎಷ್ಟು ಚೆನ್ನಾಗಿ ಕೂರುತ್ತವೆಂದು ಲೆಕ್ಕಹಾಕಿ ನೋಡಿದ್ದೇನೆ. ಹನ್ನೆರಡು ಅಣುಗಳಿಗೆ ಬಹಳ ಒಳ್ಳೆಯ ಅಂಕ ಬಂದಿದೆ. ಇವುಗಳಲ್ಲಿ ಯಾವುದಾದರೂ ಔಷಧವಾಗಬಲ್ಲುದೇ? ಇನ್ನಷ್ಟು ಗಟ್ಟಿಯಾಗಿ ಅಂಟುವಂತೆ ಇವನ್ನು ತಿದ್ದುತ್ತ ಹೋಗುವುದೇ ಮುಂದಿನ ದಾರಿಯೇ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಇನ್ನಷ್ಟು ಗಟ್ಟಿಯಾಗಿ ಅಂಟಿಸುವುದು ಮುಂದಿನ ದಾರಿಯಲ್ಲ. ಇಂದು ಬಳಕೆಯಲ್ಲಿರುವ ಬೊಜ್ಜಿನ ಔಷಧಗಳಲ್ಲಿ ಅತ್ಯಂತ ಪರಿಣಾಮಕಾರಿಯೆನಿಸಿದ ಎರಡನ್ನು ನೋಡಿ. ಸೆಮಾಗ್ಲುಟೈಡ್ ತನಗಿಂತ ಮೊದಲು ಬಂದ ಲಿರಾಗ್ಲುಟೈಡ್‌ಗೆ ಹೋಲಿಸಿದರೆ ಜಿಎಲ್‌ಪಿ-1 ರಿಸೆಪ್ಟರಿಗೆ ಸುಮಾರು ಮೂರು ಪಟ್ಟು ಸಡಿಲವಾಗಿ ಅಂಟುತ್ತದೆ. ಟಿರ್ಜೆಪಟೈಡ್ ಅದೇ ರಿಸೆಪ್ಟರಿಗೆ ನಮ್ಮ ದೇಹದ ಸಹಜ ಹಾರ್ಮೋನಿಗಿಂತ ಸುಮಾರು ಐದು ಪಟ್ಟು ಸಡಿಲವಾಗಿ ಅಂಟುತ್ತದೆ. ಹಾಗಿದ್ದೂ 2022ರಲ್ಲಿ ಪ್ರಕಟವಾದ ನೇರ ಹೋಲಿಕೆಯ ಪ್ರಯೋಗದಲ್ಲಿ, 68 ವಾರಗಳ ನಂತರ, ಲಿರಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 6.4ರಷ್ಟು ಇಳಿದಿದ್ದರೆ ಸೆಮಾಗ್ಲುಟೈಡ್ ಪಡೆದವರದು ಶೇ. 15.8ರಷ್ಟು ಇಳಿದಿತ್ತು. 2025ರಲ್ಲಿ ಪ್ರಕಟವಾದ ಇನ್ನೊಂದು ನೇರ ಹೋಲಿಕೆಯಲ್ಲಿ, 72 ವಾರಗಳ ನಂತರ, ಸೆಮಾಗ್ಲುಟೈಡ್‌ನಿಂದ ಶೇ. 13.7 ಮತ್ತು ಟಿರ್ಜೆಪಟೈಡ್‌ನಿಂದ ಶೇ. 20.2ರಷ್ಟು ಇಳಿಕೆ ಕಂಡಿತು. ಅಂಟುವ ಬಲವೇ ಔಷಧದ ಬಲವಾಗಿದ್ದರೆ ಈ ಕ್ರಮ ತಲೆಕೆಳಗಾಗಿರಬೇಕಿತ್ತು. ಹಾಗಾದರೆ ಗೆದ್ದ ಅಣುಗಳಲ್ಲಿ ಇದ್ದದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಜಿಎಲ್‌ಪಿ-1 ನಮ್ಮ ಕರುಳಿನ ಕೆಲವು ಜೀವಕೋಶಗಳು ಊಟದ ನಂತರ ಸ್ರವಿಸುವ ಹಾರ್ಮೋನು. ಮೂವತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಮೆದುಳಿಗೆ ಹೊಟ್ಟೆ ತುಂಬಿದ ಸುದ್ದಿ ಮುಟ್ಟಿಸುತ್ತದೆ. ರಿಸೆಪ್ಟರಿಗೆ ಅದು ಅಂಟುವ ರೀತಿಯಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಅದನ್ನು ಹಾಗೆಯೇ ಚುಚ್ಚಿದರೆ ಪ್ರಯೋಜನವಿಲ್ಲ, ಏಕೆಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಎರಡು ನಿಮಿಷ ಮಾತ್ರ. ಡಿಪಿಪಿ-4 ಎಂಬ ಕಿಣ್ವ ಅದರ ಮೊದಲ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ರಿಸೆಪ್ಟರಿನ ಒಳಗೆ ಇಳಿದು ಅದನ್ನು ಚಾಲೂ ಮಾಡುವುದು ಆ ತುದಿಯೇ ಆದ್ದರಿಂದ, ಉಳಿದ ಇಪ್ಪತ್ತೆಂಟರ ಸರ ನಿಷ್ಪ್ರಯೋಜಕವಾಗುತ್ತದೆ. ಕತ್ತರಿಯಿಂದ ತಪ್ಪಿಸಿಕೊಂಡದ್ದನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ.

ಕತ್ತರಿ ಬೀಳುವ ಜಾಗವನ್ನು ಹತ್ತಿರದಿಂದ ನೋಡೋಣ. ಹಾರ್ಮೋನಿನ ಎಣಿಕೆಯಲ್ಲಿ ಎಂಟನೆಯದೆಂದು ಕರೆಯುವ ಸ್ಥಾನದಲ್ಲಿ, ಅಂದರೆ ತುದಿಯಿಂದ ಎರಡನೆಯದಾಗಿ, ಅಲನಿನ್ ಇದೆ. ಅಲನಿನ್ನಿನ ಆಲ್ಫಾ ಕಾರ್ಬನ್ನಿನ ಮೇಲೆ ಒಂದು ಮೀಥೈಲ್ ಗುಂಪು ಮತ್ತು ಒಂದು ಹೈಡ್ರೋಜನ್ ಇರುತ್ತವೆ. ಡಿಪಿಪಿ-4ರ ಹಿಡಿಕೆಯಲ್ಲಿ ಆ ಹೈಡ್ರೋಜನ್ನಿನಷ್ಟು ಜಾಗಕ್ಕೆ ಮಾತ್ರ ಅವಕಾಶವಿದೆ. ಅದನ್ನು ತೆಗೆದು ಅಲ್ಲಿ ಇನ್ನೊಂದು ಮೀಥೈಲ್ ಗುಂಪನ್ನು ಇಟ್ಟರೆ ಅಮೈನೋ ಐಸೋಬ್ಯುಟಿರಿಕ್ ಆಮ್ಲವಾಗುತ್ತದೆ. ಕಿಣ್ವಕ್ಕೆ ಅದು ಹಿಡಿಯುವುದಿಲ್ಲ, ರಿಸೆಪ್ಟರಿಗೆ ಮಾತ್ರ ಅದರಿಂದ ಹೆಚ್ಚೇನೂ ಅಡ್ಡಿಯಾಗುವುದಿಲ್ಲ. ಒಂದು ಕಾರ್ಬನ್, ಮೂರು ಹೈಡ್ರೋಜನ್: ಜಿಎಲ್‌ಪಿ-1ನ್ನೇ ತಿದ್ದಿ ರೂಪಿಸಿದ ಸೆಮಾಗ್ಲುಟೈಡ್‌ನಲ್ಲಿ ಕತ್ತರಿಯನ್ನು ತಡೆದದ್ದು ಇಷ್ಟೇ ಬದಲಾವಣೆ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದ ಮೇಲೂ ಆ ರಚನೆಯನ್ನು ಪರದೆಯ ಮೇಲೆ ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇದೇ ಕೆಲಸವನ್ನು ಪ್ರಕೃತಿ ಬೇರೊಂದು ರೀತಿಯಲ್ಲಿ ಮಾಡಿತ್ತು. ಗಿಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ವಿಷದಿಂದ ಜಾನ್ ಎಂಗ್ 1992ರಲ್ಲಿ ಬೇರ್ಪಡಿಸಿದ ಎಕ್ಸೆಂಡಿನ್-4ರಲ್ಲಿ ಅದೇ ಎರಡನೆಯ ಸ್ಥಾನದಲ್ಲಿ ಗ್ಲೈಸಿನ್ ಇದೆ, ಆದ್ದರಿಂದ ಡಿಪಿಪಿ-4 ಅದನ್ನು ಸುಲಭವಾಗಿ ಕತ್ತರಿಸಲಾರದು. ಅದರಿಂದ ಬಂದ ಎಕ್ಸೆನಟೈಡ್‌ಗೆ 2005ರಲ್ಲಿ ಮಧುಮೇಹಕ್ಕಾಗಿ ಅನುಮತಿ ಸಿಕ್ಕಿತು. ಆದರೆ ಮೂತ್ರಪಿಂಡದ ಸೋಸುವಿಕೆಗೆ ಅದರಲ್ಲಿ ಉತ್ತರವಿರಲಿಲ್ಲ. ದಿನಕ್ಕೆ ಎರಡು ಬಾರಿ ಚುಚ್ಚಿಕೊಳ್ಳಬೇಕಾಗಿತ್ತು.

ಸೋಸುವಿಕೆಗೆ ಉತ್ತರ ಸಿಕ್ಕಿದ್ದು ಕೊಬ್ಬಿನಾಮ್ಲದಲ್ಲಿ. ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಸಹಜ ಕೆಲಸಗಳಲ್ಲಿ ಕೊಬ್ಬಿನಾಮ್ಲಗಳನ್ನು ಹೊತ್ತೊಯ್ಯುವುದೂ ಒಂದು. ಪೆಪ್ಟೈಡಿಗೆ, ಅಂದರೆ ಇಂತಹ ಅಮೈನೋ ಆಮ್ಲಗಳ ಸರಕ್ಕೆ, ಕೊಬ್ಬಿನಾಮ್ಲದ ಬಾಲವನ್ನು ಜೋಡಿಸಿದರೆ ಅದು ಆಲ್ಬುಮಿನ್ನಿಗೆ ಅಂಟಿಕೊಂಡು ಸಾಗುತ್ತದೆ. ಆಲ್ಬುಮಿನ್ ದೊಡ್ಡದಾದ್ದರಿಂದ ಮೂತ್ರಪಿಂಡದ ಜರಡಿಯಲ್ಲಿ ಇಳಿಯುವುದಿಲ್ಲ. ಲಿರಾಗ್ಲುಟೈಡ್‌ನಲ್ಲಿ ಹದಿನಾರು ಕಾರ್ಬನ್ನಿನ ಪಾಮಿಟಿಕ್ ಆಮ್ಲದ ಬಾಲವಿದೆ. ಅದರ ಅರ್ಧಾಯುಷ್ಯ ಸುಮಾರು 13 ಗಂಟೆ, ಆದ್ದರಿಂದ ದಿನಕ್ಕೊಂದು ಚುಚ್ಚುಮದ್ದು. ಸೆಮಾಗ್ಲುಟೈಡ್‌ನಲ್ಲಿ ಹದಿನೆಂಟು ಕಾರ್ಬನ್ನಿನ, ಎರಡೂ ತುದಿಗಳಲ್ಲಿ ಆಮ್ಲದ ಗುಂಪಿರುವ ಸರವನ್ನು, ನೀರಿಗೆ ಒಗ್ಗುವ ಉದ್ದನೆಯ ಕೊಂಡಿಯ ಮೂಲಕ ಪೆಪ್ಟೈಡಿಗೆ ಜೋಡಿಸಲಾಗಿದೆ. ಅದರ ಅರ್ಧಾಯುಷ್ಯ ಸುಮಾರು ಒಂದು ವಾರ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಸಂಗತಿ ಇಲ್ಲಿದೆ. ಬಾಲ ಆಲ್ಬುಮಿನ್ನಿಗೆ ಹೆಚ್ಚು ಬಿಗಿಯಾಗಿ ಅಂಟಿದಷ್ಟೂ ಅಣು ಹೆಚ್ಚು ಕಾಲ ಉಳಿಯುತ್ತದೆ, ಆದರೆ ರಿಸೆಪ್ಟರನ್ನು ತಲುಪಲು ಬಿಡುವಾಗಿರುವ ಪಾಲು ಅಷ್ಟೇ ಕಡಿಮೆಯಾಗುತ್ತದೆ. ಬಾಲ ಮತ್ತು ಕೊಂಡಿಗಳು ರಿಸೆಪ್ಟರಿನ ಬಾಯಿಗೂ ಅಷ್ಟಿಷ್ಟು ಅಡ್ಡ ಬರುತ್ತವೆ. ಸೆಮಾಗ್ಲುಟೈಡ್ ರೂಪಿಸಿದವರು ರಿಸೆಪ್ಟರಿನ ಕಡೆ ಮೂರು ಪಟ್ಟು ಬಿಟ್ಟುಕೊಟ್ಟು ಆಲ್ಬುಮಿನ್ನಿನ ಕಡೆ ಗಳಿಸಿಕೊಂಡರು. ಆ ಲೆಕ್ಕ ಕೂಡಿಬರುವ ಬಾಲ, ಕೊಂಡಿ, ಸ್ಥಾನಗಳ ಜೋಡಣೆಯನ್ನು ಒಂದೊಂದಾಗಿ ತಯಾರಿಸಿ, ಪರೀಕ್ಷಿಸಿ, ಬಿಟ್ಟು, ಮತ್ತೆ ತಯಾರಿಸಿ ಕಂಡುಕೊಳ್ಳಬೇಕಾಯಿತು. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ತಂಡದ ಒಂದು ಪೆಪ್ಟೈಡ್ ಜೀವಕೋಶಗಳ ಪರೀಕ್ಷೆಯಲ್ಲಿ ಅತ್ಯುತ್ತಮ ಫಲಿತಾಂಶ ಕೊಟ್ಟಿತ್ತು. ಅದೇ ತಟ್ಟೆಗೆ ಮನುಷ್ಯರ ರಕ್ತದ ಪ್ಲಾಸ್ಮಾ ಬೆರೆಸಿ ಮತ್ತೆ ಪರೀಕ್ಷಿಸಿದ ದಿನ ಅದರ ಪರಿಣಾಮ ಹೇಳಹೆಸರಿಲ್ಲದಂತೆ ಮಾಯವಾಯಿತು. ಅಣುವೆಲ್ಲ ಆಲ್ಬುಮಿನ್ನಿನ ಮಡಿಲಲ್ಲೇ ಉಳಿದುಬಿಟ್ಟಿತ್ತು. ಆರು ತಿಂಗಳ ಶ್ರಮ ಅದು. ಅಂದಿನಿಂದ ಪ್ಲಾಸ್ಮಾ ಇಲ್ಲದೆ ಅಳೆದ ಸಂಖ್ಯೆಯೊಂದನ್ನೇ ನಂಬಿ ನಾನು ಮುಂದಿನ ಹೆಜ್ಜೆ ಇಟ್ಟಿಲ್ಲ.

ದೀರ್ಘಾಯುಷ್ಯದ ಇನ್ನೊಂದು ಲಾಭ ಸಹನೀಯತೆ. ಈ ವರ್ಗದ ಔಷಧಗಳ ಮುಖ್ಯ ತೊಂದರೆ ವಾಕರಿಕೆ. ಸೆಮಾಗ್ಲುಟೈಡ್‌ನ ಮುಖ್ಯ ಬೊಜ್ಜಿನ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 44ರಷ್ಟು ಮಂದಿಗೆ ಯಾವಾಗಲಾದರೂ ವಾಕರಿಕೆ ಬಂದಿತ್ತು. ಹಸಿವನ್ನು ತಗ್ಗಿಸುವುದಕ್ಕೂ ವಾಕರಿಕೆ ತರುವುದಕ್ಕೂ ಮೆದುಳಿನ ಹಿಂಭಾಗದ, ರಕ್ತದಲ್ಲಿರುವುದನ್ನು ನೇರವಾಗಿ ಗ್ರಹಿಸಬಲ್ಲ, ಅಕ್ಕಪಕ್ಕದ ನರಕೋಶಗಳೇ ಕಾರಣವಾದ್ದರಿಂದ ಎರಡನ್ನೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಆದರೆ ರಕ್ತದಲ್ಲಿ ಔಷಧದ ಮಟ್ಟ ಏರಿಳಿಯದೆ ಸಮನಾಗಿದ್ದರೆ, ಮತ್ತು ಪ್ರಮಾಣವನ್ನು ವಾರಕ್ಕೆ 0.25 ಮಿಲಿಗ್ರಾಮಿನಿಂದ ಆರಂಭಿಸಿ ಹದಿನಾರು ವಾರಗಳಲ್ಲಿ 2.4 ಮಿಲಿಗ್ರಾಮಿಗೆ ಏರಿಸಿದರೆ, ದೇಹ ಒಗ್ಗಿಕೊಳ್ಳುತ್ತದೆ. ಈ ಏರಿಕೆಯ ಕ್ರಮವನ್ನು ವೈದ್ಯರ ಕೆಲಸವೆಂದು ರಸಾಯನಶಾಸ್ತ್ರಜ್ಞರು ಬದಿಗಿಡಬಾರದು. ಅದು ಸಾಧ್ಯವಾದದ್ದು ಅಣುವಿನ ರಚನೆಯಿಂದಲೇ.

ಈಗ ನಿಮ್ಮ ಹನ್ನೆರಡು ಅಣುಗಳಿಗೆ ಬರುತ್ತೇನೆ. ಡಾಕಿಂಗಿನ ಅಂಕ ಮೂರು ವಿಷಯಗಳನ್ನು ನಿಮಗೆ ಹೇಳುವುದಿಲ್ಲ. ಅಂಟಿದ ಅಣು ರಿಸೆಪ್ಟರನ್ನು ಚಾಲೂ ಮಾಡುವುದೋ, ಸುಮ್ಮನೆ ಬಾಗಿಲಿಗೆ ಅಡ್ಡ ನಿಲ್ಲುವುದೋ ಎಂಬುದು ಒಂದು; ಬೊಜ್ಜಿನ ಔಷಧವಾಗಲು ಇಲ್ಲಿ ಚಾಲೂ ಮಾಡುವ ಅಣುವೇ ಬೇಕು. ಎರಡನೆಯದು, ಪೆಪ್ಟೈಡಿನ ಅಂಕವನ್ನೂ ಸಣ್ಣ ಅಣುವಿನ ಅಂಕವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ಮೂರನೆಯದು ಹೆಚ್ಚು ಮುಖ್ಯ: ನೀವು ಯಾವ ರಚನೆಯನ್ನು ಬಳಸಿದ್ದೀರಿ? ಈ ರಿಸೆಪ್ಟರ್ ಎರಡು ಭಾಗಗಳದ್ದು. ಹೊರಗೆ ಚಾಚಿದ ಭಾಗ ಪೆಪ್ಟೈಡಿನ ಬಾಲದ ಕಡೆಯನ್ನು ಹಿಡಿದುಕೊಳ್ಳುತ್ತದೆ, ಜೀವಕೋಶದ ಪೊರೆಯಲ್ಲಿ ಹುದುಗಿರುವ ಏಳು ಸುರುಳಿಗಳ ಕಟ್ಟಿನೊಳಗೆ ಪೆಪ್ಟೈಡಿನ ಮೊದಲ ತುದಿ ಇಳಿಯುತ್ತದೆ. ಪೆಪ್ಟೈಡ್ ಅಂಟಿರುವ ರಚನೆಯಲ್ಲಿ ಈ ಕುಳಿ ಅಗಲವಾಗಿ ತೆರೆದಿರುತ್ತದೆ, ಸಣ್ಣ ಅಣುವಿಗೆ ಅಲ್ಲಿ ನೆಲೆ ನಿಲ್ಲಲು ಗೋಡೆಯೇ ಸಿಗುವುದಿಲ್ಲ. ಡಾನುಗ್ಲಿಪ್ರಾನ್‌ನಂತಹ ಸಣ್ಣ ಅಣು ಅಂಟಿದಾಗ ಮಾತ್ರ ಹೊರಭಾಗದ ಮೂವತ್ತಮೂರನೆಯ ಸ್ಥಾನದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಮುಚ್ಚಳದಂತೆ ಬಾಗಿ ಕುಳಿಯನ್ನು ಮುಚ್ಚುತ್ತದೆ. ಆ ಮುಚ್ಚಳವಿಲ್ಲದ ರಚನೆಯ ಮೇಲೆ ಡಾಕಿಂಗ್ ಮಾಡಿದ್ದರೆ ನಿಮ್ಮ ಅಂಕಗಳನ್ನು ಬದಿಗಿಟ್ಟು, ಸಣ್ಣ ಅಣುವೊಂದು ಅಂಟಿರುವ ರಚನೆಯಿಂದ ಮತ್ತೆ ಆರಂಭಿಸಿ ಎಂದು ಸಲಹೆ ಕೊಡುತ್ತೇನೆ.

ಆ ಟ್ರಿಪ್ಟೊಫಾನ್ ಇನ್ನೊಂದು ಕಾರಣಕ್ಕೂ ನೆನಪಿನಲ್ಲಿರಲಿ. ಮನುಷ್ಯರಲ್ಲಿ ಮತ್ತು ಮಂಗಗಳಲ್ಲಿ ಆ ಸ್ಥಾನದಲ್ಲಿ ಟ್ರಿಪ್ಟೊಫಾನ್ ಇದೆ; ಇಲಿಗಳಲ್ಲಿ ಅಲ್ಲಿ ಸೆರಿನ್ ಇದೆ. ಆದ್ದರಿಂದ ಈ ಬಗೆಯ ಅಣುಗಳು ಮಾಮೂಲಿ ಇಲಿಯಲ್ಲಿ ಕೆಲಸ ಮಾಡುವುದೇ ಇಲ್ಲ. ಇದನ್ನು ತಿಳಿಯದ ತಂಡ ಒಳ್ಳೆಯ ಅಣುವನ್ನು ಇಲಿಯ ಪರೀಕ್ಷೆಯಲ್ಲಿ ಸೋತಿತೆಂದು ಎಸೆದುಬಿಡಬಹುದು. ಮಾನವ ರಿಸೆಪ್ಟರಿನ ಜೀನನ್ನು ಸೇರಿಸಿದ ಇಲಿಗಳು ಅಥವಾ ಮಂಗಗಳು ಬೇಕಾಗುತ್ತವೆ, ಅಂದರೆ ಖರ್ಚೂ ಕಾಲವೂ ನೈತಿಕ ಹೊಣೆಯೂ ಹೆಚ್ಚುತ್ತವೆ.

ಇಷ್ಟಾದರೂ ಸಣ್ಣ ಅಣುವಿಗಾಗಿ ಜಗತ್ತಿನ ದೊಡ್ಡ ಕಂಪನಿಗಳು ಶ್ರಮಿಸುತ್ತಿರುವುದಕ್ಕೆ ಕಾರಣ ಸ್ಪಷ್ಟ. ಪೆಪ್ಟೈಡನ್ನು ನುಂಗಿದರೆ ಜೀರ್ಣರಸ ಅದನ್ನು ಆಹಾರದ ಪ್ರೋಟೀನಿನಂತೆಯೇ ಕಂಡು ಒಡೆದುಹಾಕುತ್ತದೆ. ಸೆಮಾಗ್ಲುಟೈಡ್‌ನ ಮಾತ್ರೆ 2019ರಲ್ಲಿ ಬಂದಿತಾದರೂ, ಅದಕ್ಕೆ ಜಠರದಲ್ಲಿ ಹೀರಿಕೆಗೆ ನೆರವಾಗುವ ಎಸ್‌ಎನ್‌ಎಸಿ ಎಂಬ ಲವಣವನ್ನು 300 ಮಿಲಿಗ್ರಾಮಿನಷ್ಟು ಸೇರಿಸಬೇಕಾಯಿತು. ಹಾಗಿದ್ದೂ ರಕ್ತ ಸೇರುವ ಪಾಲು ಸುಮಾರು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಬರಿಹೊಟ್ಟೆಯಲ್ಲಿ ಸ್ವಲ್ಪ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಕಾಯಬೇಕು. ಇದಕ್ಕೆ ಹೋಲಿಸಿದರೆ, ಚುಗಾಯ್ ಕಂಪನಿಯಲ್ಲಿ ಹುಟ್ಟಿ 2018ರಲ್ಲಿ ಇಲೈ ಲಿಲಿಗೆ ಹಸ್ತಾಂತರವಾದ ಓರ್‌ಫೋರ್‌ಗ್ಲಿಪ್ರಾನ್ ಪೆಪ್ಟೈಡ್ ಅಲ್ಲದ ಅಣು. ಅದನ್ನು ಊಟ, ನೀರಿನ ನಿರ್ಬಂಧವಿಲ್ಲದೆ ದಿನಕ್ಕೊಮ್ಮೆ ನುಂಗಬಹುದು.

ಆದರೆ ಅದೇ ದಾರಿಯಲ್ಲಿ ಬಿದ್ದವುಗಳನ್ನೂ ನೋಡಬೇಕು. ಫೈಜರ್ ಕಂಪನಿ ಲೋಟಿಗ್ಲಿಪ್ರಾನ್ ಎಂಬ ಅಣುವನ್ನು 2023ರಲ್ಲಿ ಯಕೃತ್ತಿನ ಕಿಣ್ವಗಳು ಏರಿದ ಕಾರಣಕ್ಕೆ ಕೈಬಿಟ್ಟಿತು. 2025ರಲ್ಲಿ ಡಾನುಗ್ಲಿಪ್ರಾನ್ ಅನ್ನೂ ಕೈಬಿಟ್ಟಿತು. ಭಾಗವಹಿಸಿದ್ದ ಒಬ್ಬರಲ್ಲಿ ಔಷಧದಿಂದಲೇ ಆಗಿರಬಹುದಾದ ಯಕೃತ್ತಿನ ಹಾನಿ ಕಂಡಿತ್ತು, ಔಷಧ ನಿಲ್ಲಿಸಿದ ಮೇಲೆ ಅದು ಸರಿಹೋಯಿತು. ರಿಸೆಪ್ಟರಿಗೆ ಅಂಟುವುದರಲ್ಲಿ ಎರಡಕ್ಕೂ ತೊಡಕಿರಲಿಲ್ಲ. ನುಂಗಿದ ಸಣ್ಣ ಅಣು ಕರುಳಿನಿಂದ ಮೊದಲು ಹೋಗುವುದೇ ಯಕೃತ್ತಿಗೆ, ಮತ್ತು ಪೆಪ್ಟೈಡಿನ ಹೋಲಿಕೆಯಲ್ಲಿ ಅದರ ದಿನದ ಪ್ರಮಾಣವೂ ಬಹಳ ಹೆಚ್ಚು.

ದೇಹದ ಬೇರೆಡೆ ಅಣು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನಿರ್ಲಕ್ಷಿಸಿದ್ದಕ್ಕೆ ಬೊಜ್ಜಿನ ಔಷಧಗಳ ಚರಿತ್ರೆ ದುಬಾರಿ ಬೆಲೆ ತೆತ್ತಿದೆ. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ಬಳಕೆಗೆ ಬಂತು. ಅದು ಮೈಟೋಕಾಂಡ್ರಿಯದಲ್ಲಿ ಆಹಾರದ ಶಕ್ತಿಯನ್ನು ಶೇಖರಣೆಯಾಗಲು ಬಿಡದೆ ಶಾಖವಾಗಿ ಸೋರಿಸುತ್ತದೆ, ತೂಕವನ್ನು ನಿಜಕ್ಕೂ ಇಳಿಸುತ್ತದೆ. ಆದರೆ ಪ್ರಮಾಣ ಸ್ವಲ್ಪ ಮೀರಿದರೂ ಮೈ ಕಾವು ತಡೆಯಿಲ್ಲದೆ ಏರಿ ಸಾವು ಬರುತ್ತದೆ. ಬದುಕಿದವರಲ್ಲೂ ಹಲವರಿಗೆ ಕಣ್ಣಿನ ಪೊರೆ ಬಂದಿತು. 1938ರಲ್ಲಿ ಅಮೆರಿಕ ಅದನ್ನು ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಘೋಷಿಸಿತು. ಫೆನ್‌ಫ್ಲುರಮೀನ್ 1997ರಲ್ಲಿ ಹೃದಯದ ಕವಾಟಗಳಿಗೆ ಆದ ಹಾನಿಯಿಂದಾಗಿ ಹಿಂದಕ್ಕೆ ಹೋಯಿತು. ಆ ಪ್ರಕರಣದಲ್ಲಿ ವಿನ್ಯಾಸಕಾರರು ಮರೆಯಬಾರದ ಅಂಶವೆಂದರೆ ಮುಖ್ಯ ಅಪರಾಧಿ ನುಂಗಿದ ಅಣುವಾಗಿರಲಿಲ್ಲ. ಯಕೃತ್ತು ಅದರಿಂದ ಒಂದು ತುಣುಕನ್ನು ಕಳಚಿದಾಗ ಉಂಟಾಗುವ ನಾರ್‌ಫೆನ್‌ಫ್ಲುರಮೀನ್, ಕವಾಟದ ಕೋಶಗಳ ಮೇಲಿರುವ ಸೆರೊಟೋನಿನ್‌ನ 2ಬಿ ರಿಸೆಪ್ಟರನ್ನು ಬಲವಾಗಿ ಚಾಲೂ ಮಾಡುತ್ತಿತ್ತು. ಇಂದು ಯಾವುದೇ ಹೊಸ ಸಂಯುಕ್ತವನ್ನು ಮೊದಲ ಹಂತಗಳಲ್ಲೇ ಈ ರಿಸೆಪ್ಟರಿನ ಎದುರು ಪರೀಕ್ಷಿಸುವುದು ವಾಡಿಕೆಯಾಗಿರುವುದಕ್ಕೆ ಹಿನ್ನೆಲೆ ಆ ರೋಗಿಗಳ ಹೃದಯಗಳು.

ರಿಮೊನಾಬಾಂಟ್ ಎಂಬ ಬೊಜ್ಜಿನ ಔಷಧದ ಕಥೆ ಬೇರೆ. ಅದು ತಪ್ಪು ಗುರಿಗೆ ಬಡಿಯಲಿಲ್ಲ. ತಾನು ಆರಿಸಿಕೊಂಡ ಸಿಬಿ1 ರಿಸೆಪ್ಟರನ್ನೇ ಅಚ್ಚುಕಟ್ಟಾಗಿ ತಡೆಯಿತು. ಯುರೋಪಿನಲ್ಲಿ 2006ರಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಆ ರಿಸೆಪ್ಟರ್ ಮೆದುಳಿನಲ್ಲಿ ಹಸಿವಿಗಷ್ಟೇ ಸಂಬಂಧಿಸಿದ್ದಲ್ಲ, ಮನಸ್ಸಿನ ಸಮಾಧಾನಕ್ಕೂ ಸಂಬಂಧಿಸಿದ್ದು; ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಗಳ ವರದಿಗಳು ಬಂದು 2008ರಲ್ಲಿ ಮಾರಾಟ ನಿಂತಿತು. ಮೆದುಳಿಗೆ ಹೋಗದಂತೆ ರೂಪಿಸಿದ ಸಿಬಿ1 ತಡೆಗಳು ಆಮೇಲೆ ಬಂದವು. ಅವುಗಳಲ್ಲೊಂದಾದ ಮೊನ್ಲುನಾಬಾಂಟ್‌ನ 2024ರ ಫಲಿತಾಂಶದಲ್ಲಿಯೂ ಪ್ರಮಾಣ ಏರಿದಂತೆ ಆತಂಕ, ಕಿರಿಕಿರಿ, ನಿದ್ರಾಭಂಗಗಳು ಕಾಣಿಸಿದವು. ಒಂದು ಅಣುವನ್ನು ಮೆದುಳಿನಿಂದ ಹೊರಗಿಡುವುದು ಕಾಗದದ ಮೇಲೆ ತೋರುವಷ್ಟು ಸುಲಭವಲ್ಲ.

ಗುರಿಯ ಆಯ್ಕೆಯ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು. ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಹಸಿವನ್ನು ತಗ್ಗಿಸುವ ಲೆಪ್ಟಿನ್ ಹಾರ್ಮೋನಿನ ಜೀನನ್ನು ಗುರುತಿಸಿದಾಗ ಬೊಜ್ಜಿನ ಸಮಸ್ಯೆ ಬಗೆಹರಿಯಿತೆಂದೇ ಅನೇಕರು ಭಾವಿಸಿದ್ದರು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಬೆರಳೆಣಿಕೆಯ ಮಕ್ಕಳಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. ಉಳಿದ ಬಹುಪಾಲು ಜನರಲ್ಲಿ ಲೆಪ್ಟಿನ್ ಆಗಲೇ ಹೆಚ್ಚಾಗಿರುತ್ತದೆ, ದೇಹ ಅದಕ್ಕೆ ಓಗೊಡುವುದನ್ನು ನಿಲ್ಲಿಸಿರುತ್ತದೆ. ಆದ್ದರಿಂದ ಇನ್ನಷ್ಟು ಕೊಟ್ಟು ಪ್ರಯೋಜನವಾಗಲಿಲ್ಲ. ಅದೇ ಸರಪಳಿಯಲ್ಲಿ ಕೆಳಗೆ ಬರುವ ಎಂಸಿ4 ರಿಸೆಪ್ಟರಿನ ಮೇಲೆ ಕೆಲಸ ಮಾಡುವ ಸೆಟ್ಮೆಲನೊಟೈಡ್ ಎಂಬ ಉಂಗುರಾಕಾರದ ಸಣ್ಣ ಪೆಪ್ಟೈಡಿಗೆ 2020ರಲ್ಲಿ ಅನುಮತಿ ದೊರೆಯಿತು, ಆದರೆ ಸರಪಳಿಯ ಮೇಲಿನ ಕೊಂಡಿ ಅನುವಂಶೀಯವಾಗಿ ಮುರಿದಿರುವವರಿಗೆ ಮಾತ್ರ. ಎಂಸಿ4ರ ಸೋದರ ರಿಸೆಪ್ಟರ್ ಚರ್ಮದಲ್ಲಿರುವುದರಿಂದ ಔಷಧ ಪಡೆದವರ ಮೈಬಣ್ಣ ಕಪ್ಪಾಗುತ್ತದೆ. ಗುರಿ ಸರಿಯೇ ಎಂಬ ಪ್ರಶ್ನೆಯನ್ನು ಯಾರಲ್ಲಿ ಸರಿ ಎಂಬುದರಿಂದ ಬೇರ್ಪಡಿಸಲಾಗದು.

ಇನ್ನು, ಔಷಧ ಕೆಲಸ ಮಾಡುವ ರೀತಿಯ ಬಗ್ಗೆ ಅತಿಯಾದ ಖಚಿತತೆ ಬೇಡ. ಟಿರ್ಜೆಪಟೈಡ್ ಜಿಎಲ್‌ಪಿ-1ರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರನ್ನೂ ಚಾಲೂ ಮಾಡುತ್ತದೆ. ಪ್ರಯೋಗದ ಹಂತದಲ್ಲಿರುವ ಮಾರಿಡೆಬಾರ್ಟ್ ಕಾಫ್ರಗ್ಲುಟೈಡ್ ಅದೇ ಜಿಐಪಿ ರಿಸೆಪ್ಟರನ್ನು ತಡೆಯುತ್ತದೆ. ಎರಡರಲ್ಲೂ ತೂಕ ಇಳಿಯುತ್ತದೆ. ಇದಕ್ಕೆ ಹಲವು ವಿವರಣೆಗಳಿವೆ, ಸರ್ವಸಮ್ಮತವಾದದ್ದು ಇಲ್ಲ. ಗ್ಲುಕಗಾನ್ ರಿಸೆಪ್ಟರನ್ನೂ ಸೇರಿಸಿಕೊಂಡು ಮೂರಕ್ಕೂ ಅಂಟುವ ರೆಟಾಟ್ರುಟೈಡ್ ಎರಡನೆಯ ಹಂತದ ಪ್ರಯೋಗದಲ್ಲಿ, ಅತಿ ಹೆಚ್ಚಿನ ಪ್ರಮಾಣದಲ್ಲಿ, 48 ವಾರಗಳಿಗೆ ಶೇ. 24.2ರಷ್ಟು ಇಳಿಕೆ ತೋರಿತು. ಒಂದೇ ಪೆಪ್ಟೈಡಿನಲ್ಲಿ ಮೂರು ರಿಸೆಪ್ಟರುಗಳ ಬಲವನ್ನು ಬೇಕಾದ ಅನುಪಾತಕ್ಕೆ ತರುವುದು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸೂಕ್ಷ್ಮ ಕುಶಲತೆ.

ಕೊನೆಯದಾಗಿ, ನೀವು ರೂಪಿಸುವ ಅಣುವನ್ನು ಜನ ಎಷ್ಟು ಕಾಲ ತೆಗೆದುಕೊಳ್ಳಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಯೋಚಿಸಿ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಅನುಸರಿಸಿ ನೋಡಿದಾಗ, ಇಳಿದಿದ್ದ ತೂಕದ ಮೂರನೇ ಎರಡರಷ್ಟು ಮರಳಿ ಬಂದಿತ್ತು. ಅಂದರೆ ಇದು ವರ್ಷಗಟ್ಟಲೆ, ಬಹುಶಃ ಬದುಕಿನುದ್ದಕ್ಕೂ ತೆಗೆದುಕೊಳ್ಳುವ ಔಷಧ. ಹತ್ತು ದಿನದ ಆ್ಯಂಟಿಬಯಾಟಿಕ್‌ನಲ್ಲಿ ಸಹಿಸಬಹುದಾದ ಸಣ್ಣ ದೋಷವೂ ಇಲ್ಲಿ ದೊಡ್ಡದಾಗುತ್ತದೆ. ಸೆರೊಟೋನಿನ್‌ನ 2ಸಿ ರಿಸೆಪ್ಟರಿಗೆಂದೇ ಎಚ್ಚರಿಕೆಯಿಂದ ರೂಪಿಸಿದ್ದ ಲೋರ್‌ಕಸೆರಿನ್ 2012ರಲ್ಲಿ ಅನುಮತಿ ಪಡೆದು, ಸುಮಾರು 12,000 ಜನರ ದೀರ್ಘ ಪ್ರಯೋಗದಲ್ಲಿ ಕ್ಯಾನ್ಸರಿನ ಪ್ರಮಾಣ ತುಸು ಹೆಚ್ಚಾಗಿ ಕಂಡ ಕಾರಣ 2020ರಲ್ಲಿ ಮಾರುಕಟ್ಟೆಯಿಂದ ಹೊರಬಂತು. ಇದಕ್ಕೆ ಎದುರಾಗಿ, 17,604 ಜನರಲ್ಲಿ ನಡೆದ ಸೆಲೆಕ್ಟ್ ಪ್ರಯೋಗ 2023ರಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳ ಒಟ್ಟು ಅಪಾಯವನ್ನು ಶೇ. 20ರಷ್ಟು ತಗ್ಗಿಸಿತೆಂದು ತೋರಿಸಿತು. ಬೊಜ್ಜಿನ ಔಷಧವನ್ನು ಈಗ ಅಳೆಯುವುದು ಇಂತಹ ಮಾನದಂಡದಲ್ಲಿ.

ನಿಮ್ಮ ಪ್ರಬಂಧದ ಮಟ್ಟಿಗೆ ನಾನು ಸೂಚಿಸುವುದು ಇಷ್ಟು. ಸಣ್ಣ ಅಣು ಅಂಟಿರುವ ರಚನೆಯ ಮೇಲೆ ಡಾಕಿಂಗನ್ನು ಮತ್ತೆ ಮಾಡಿ, ಮತ್ತು ಈಗಾಗಲೇ ಕೆಲಸ ಮಾಡುವುದೆಂದು ಗೊತ್ತಿರುವ ಅಣುಗಳನ್ನು ಪಟ್ಟಿಯಲ್ಲಿ ಬೆರೆಸಿಡಿ. ನಿಮ್ಮ ವಿಧಾನ ಅವುಗಳನ್ನು ಮೇಲಕ್ಕೆ ತರದಿದ್ದರೆ ಹೊಸ ಅಣುಗಳ ಅಂಕಕ್ಕೂ ಬೆಲೆಯಿಲ್ಲ. ಉಳಿದವುಗಳಲ್ಲಿ ರಚನೆ ಒಂದಕ್ಕೊಂದು ಭಿನ್ನವಾದ ಮೂರು ನಾಲ್ಕನ್ನು ಆರಿಸಿ, ಮಾನವ ರಿಸೆಪ್ಟರ್ ಇರುವ ಜೀವಕೋಶಗಳಲ್ಲಿ ಸೈಕ್ಲಿಕ್ ಎಎಂಪಿ (ರಿಸೆಪ್ಟರ್ ಚಾಲೂ ಆದುದರ ಸುಳಿವು ಕೊಡುವ ಅಣು) ಏರುವುದೇ ಎಂದು ಅಳೆಯಿರಿ, ಒಮ್ಮೆ ಪ್ಲಾಸ್ಮಾ ಇಲ್ಲದೆ, ಒಮ್ಮೆ ಪ್ಲಾಸ್ಮಾ ಬೆರೆಸಿ. ಜೊತೆಗೆ ಯಕೃತ್ತಿನ ಕೋಶಗಳ ಸಾರದಲ್ಲಿ ಅವನ್ನು ಒಂದು ಗಂಟೆ ಇಟ್ಟು ಏನು ಉಳಿಯುತ್ತದೆ, ಏನು ಹೊಸದಾಗಿ ಹುಟ್ಟುತ್ತದೆ ಎಂದು ನೋಡಿ. ಈ ಮೂರು ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಡಾಕಿಂಗಿನಲ್ಲಿ ಒಂಬತ್ತನೆಯ ಸ್ಥಾನದಲ್ಲಿದ್ದ ಅಣು ಮೊದಲನೆಯದಕ್ಕಿಂತ ಮುಂದೆ ಬಂದರೆ ಅದನ್ನೇ ಹಿಡಿದು ಮುಂದುವರಿಯಿರಿ, ಮತ್ತು ಹಾಗೇಕಾಯಿತು ಎಂಬುದನ್ನು ಪ್ರಬಂಧದಲ್ಲಿ ಪೂರ್ತಿಯಾಗಿ ಬರೆಯಿರಿ.